ಎಲ್ಲಿಗೆ ಎಂದು ಕೇಳಿದವನು

ಹಿಂದಿನ ಕಾಲದ ಜನ ಬಹಳ ಮರ್ಯಾದಸ್ಥರಾಗಿದ್ದರು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ನಾನು ಚಡ್ಡಿ ಹಾಕುತ್ತಿದ್ದಾಗ ಹಿರಿಯರು ಅದನ್ನೇ ಹೇಳುತ್ತಿದ್ದರು. ಈಗ ನಾನೇ ಹಿಂದಿನ ಕಾಲದವನಾಗಿದ್ದೇನೆ. ನನ್ನೆದುರು ಕುಳಿತವರು ನನ್ನ ಕಾಲದ ವಿನಯವನ್ನು ನನಗೇ ವರ್ಣಿಸುತ್ತಾರೆ. ಆ ಕಾಲದಲ್ಲಿ ನಾನಿದ್ದೆ. ಕಣ್ಣು ಕಿವಿ ಎರಡೂ ಸರಿಯಿದ್ದವು. ವರ್ಣಿಸುವಂಥದ್ದೇನೂ ನನ್ನ ಗಮನಕ್ಕೆ ಬಂದಿರಲಿಲ್ಲ ಎಂದರೆ ಅವರಿಗೆ ಬೇಸರವಾಗುತ್ತದೆ.

ನಾಲ್ಕು ಜನರೆದುರು ಒರಟಾಗಿ ನಡೆದುಕೊಳ್ಳುವವನ ಮನಸ್ಸಿನೊಳಗೆ ಏನಿರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿದೆ. ಐದನೆಯ ತರಗತಿಗೆ ಶಾಲೆ ಮುಗಿಸಿದವನಾದ್ದರಿಂದ ಉತ್ತರ ಹೇಳಿಕೊಡುವ ಗುರುಗಳು ನನಗಿರಲಿಲ್ಲ. ಪುತ್ತೂರಿಗೆ ಗಡಿಯಾರದ ಬಿಡಿಭಾಗ ತರಲು ಹೋದಾಗ ಅಲ್ಲಿಯ ವಾಚನಾಲಯದಲ್ಲಿ ರಟ್ಟು ಹರಿದ ಒಂದು ಮನಶ್ಶಾಸ್ತ್ರದ ಪುಸ್ತಕ ಸಿಕ್ಕಿತು. ಬಾಲ್ಯದಲ್ಲಿ ಪೆಟ್ಟು ತಿಂದವರು ದೊಡ್ಡವರಾದ ಮೇಲೆ ಒರಟರಾಗುತ್ತಾರೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಬಾಲ್ಯದಲ್ಲಿ ಪೆಟ್ಟು ತಿನ್ನದ ಒಬ್ಬನೇ ಒಬ್ಬ ಮನುಷ್ಯನೂ ನಮ್ಮ ತಾಲೂಕಿನಲ್ಲಿ ಇರಲಿಲ್ಲವಾದ್ದರಿಂದ ಆ ಸಿದ್ಧಾಂತ ನನ್ನ ಉಪಯೋಗಕ್ಕೆ ಬರಲಿಲ್ಲ. ಪುಸ್ತಕವನ್ನು ಹಿಂದಿರುಗಿಸಿ, ಸ್ವಂತ ಸಂಶೋಧನೆಗೆ ತೊಡಗಿದೆ. ಸಂಶೋಧನೆಯ ವಸ್ತುವನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಅದು ಹಾರ್ನ್ ಹೊಡೆದುಕೊಂಡು ನಮ್ಮ ಬೈಲಿಗೇ ಬರುತ್ತಿತ್ತು.

ಮರ್ಕಂಜದ ಒಂದು ಮೂಲೆಯಲ್ಲಿ ನಮ್ಮ ಬೈಲು, ಗದ್ದೆಗಳ ಸುತ್ತ ಹತ್ತಿಪ್ಪತ್ತು ಮನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಅಲ್ಲಿಂದ ಸುಳ್ಯಕ್ಕೆ ಬಸ್ಸು ಇರಲಿಲ್ಲ. ಇದ್ದದ್ದು ಒಂದು ಸರ್ವೀಸ್ ಜೀಪು. ಸುಳ್ಯದಲ್ಲಿ ನನ್ನದೊಂದು ವಾಚ್ ರಿಪೇರಿಯ ಅಂಗಡಿ. ಹಾಗಾಗಿ ನಾನು ಆ ಜೀಪಿನ ನಿತ್ಯದ ಗಿರಾಕಿ. ಎಂಟು ಮಂದಿಗೆಂದು ತಯಾರಾದ ಆ ವಾಹನ ಇಪ್ಪತ್ತು ಮಂದಿಯನ್ನು ಹೊರುತ್ತಿತ್ತು. ಇದಕ್ಕೆ ಒಂದು ಕ್ರಮವಿತ್ತು. ಸುಳ್ಯದವರೆಗೆ ಹೋಗುವವರು ಮುಂದಿನ ಸೀಟಿನಲ್ಲಿ ಮತ್ತು ಹಿಂದಿನ ಒಳಮೂಲೆಯಲ್ಲಿ. ನಡುವೆ ಇಳಿಯುವವರು ನಡುವೆ. ಮೊದಲು ಇಳಿಯುವವರು ಬಾಗಿಲ ಬಳಿ, ಅಥವಾ ಬಾಗಿಲ ಹೊರಗೆ, ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಕಾಲು ದೇವರ ಭರವಸೆಯ ಮೇಲೆ. ಈ ಕ್ರಮ ತಪ್ಪಿದರೆ, ಒಳಮೂಲೆಯವನು ಇಳಿಯಲು ಹದಿನೇಳು ಜನ ಇಳಿದು ಹತ್ತಬೇಕು. ಆದ್ದರಿಂದ ಜೀಪಿನ ಡ್ರೈವರ್, ಅವನೇ ಅದರ ಮಾಲೀಕನೂ ಹೌದು, ಹತ್ತಲು ಬಂದ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದ: "ಎಲ್ಲಿಗೆ?"

ಹೊರಗಿನವರಿಗೆ ಇದರಲ್ಲಿ ತಪ್ಪು ಕಾಣದು. ನಮ್ಮವರಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಲ್ಲ. ಮನೆಯಿಂದ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ದಾರಿಯಲ್ಲಿ ಸಿಕ್ಕಿದವರನ್ನು "ದೂರ ಹೊರಟದ್ದಾ?" ಎಂದು ಕೇಳಬೇಕು. ಅವರು "ಹೌದು, ಸ್ವಲ್ಪ ದೂರ" ಎನ್ನಬೇಕು. ಇಬ್ಬರಿಗೂ ಏನೂ ತಿಳಿಯದೆ, ಇಬ್ಬರಿಗೂ ತೃಪ್ತಿಯಾಗಿ, ಮಾತು ಮುಗಿಯುತ್ತಿತ್ತು. ಹಗ್ಗ ಕೊಳ್ಳಲು ಪೇಟೆಗೆ ಹೊರಟವನೂ ತನ್ನ ಪ್ರಯಾಣದ ಗುರಿಯನ್ನು ರಾಜ್ಯದ ರಹಸ್ಯದಂತೆ ಕಾಪಾಡಿಕೊಳ್ಳುತ್ತಿದ್ದ.

ಹೀಗಾಗಿ ಬೆಳಿಗ್ಗೆ ಜೀಪು ನಿಲ್ಲುವ ಅಶ್ವತ್ಥಕಟ್ಟೆಯ ಬಳಿ ಇಂಥ ಸಂಭಾಷಣೆ ನಡೆಯುತ್ತಿತ್ತು.

"ಎಲ್ಲಿಗೆ?"

"ಇಲ್ಲೇ ಮುಂದೆ."

"ಮುಂದೆ ಅಂದ್ರೆ? ಮುಂದೆ ಮಡಿಕೇರಿಯೂ ಉಂಟು, ಮೈಸೂರೂ ಉಂಟು. ನಿಮ್ಮದು ಯಾವುದು?"

"ಅಷ್ಟು ದೂರ ಇಲ್ಲ ಮಾರಾಯ."

"ಅಷ್ಟಾದರೂ ಹೇಳಿದಿರಲ್ಲ, ದೊಡ್ಡ ಉಪಕಾರ ಆಯಿತು. ಬಾಯಲ್ಲಿ ಎಂತ ಅವಲಕ್ಕಿ ತುಂಬಿಸಿಕೊಂಡಿದ್ದೀರಾ? ಹೇಳುದಾದರೆ ಹತ್ತಿ, ಇಲ್ಲದಿದ್ದರೆ ನಡೀರಿ!"

ಹೇಳದೆಯೇ ಅವರು ಹತ್ತುತ್ತಿದ್ದರು. ಎರಡು ತಿರುವು ಕಳೆದ ಮೇಲೆ ಒಳಮೂಲೆಯಿಂದ ಅದೇ ಧ್ವನಿ: "ಸೇತುವೆ ಹತ್ತಿರ ಸ್ವಲ್ಪ ನಿಲ್ಸಿ." ಹದಿನೇಳು ಜನ ಇಳಿಯುತ್ತಿದ್ದರು. ಡ್ರೈವರ್ ಸ್ಟೀರಿಂಗಿಗೆ ಹಣೆ ಹಚ್ಚಿ, "ಸೇತುವೆ ಹತ್ತಿರ ಇಳಿಯುವ ಮಹಾರಾಜರು ಹೋಗಿ ಹೋಗಿ ಮೂಲೆಯಲ್ಲಿ ಕೂತದ್ದಾ!" ಎಂದು ಶುರು ಮಾಡಿದರೆ ಸುಳ್ಯ ಬರುವವರೆಗೆ ನಿಲ್ಲಿಸುತ್ತಿರಲಿಲ್ಲ. ಜೀಪಿನಲ್ಲಿ ಬೈಗುಳ ತುಳುವಿನಲ್ಲಿ, ವಾದ ಅರೆಭಾಷೆಯಲ್ಲಿ ನಡೆಯುತ್ತಿತ್ತು. ಕನ್ನಡವನ್ನು ಸರ್ಕಾರದವರಿಗಾಗಿ ತೆಗೆದಿರಿಸಲಾಗಿತ್ತು. ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದರಿಂದ ಬೈಗುಳ ಸ್ವಲ್ಪ ತೆಳುವಾಗಿದೆ.

ಆ ಡ್ರೈವರನ ಒರಟುತನಕ್ಕೆ ಊರಿನಲ್ಲಿ ಮೂರು ವಿವರಣೆಗಳು ಚಲಾವಣೆಯಲ್ಲಿದ್ದವು. ಒಂದು, ಅವನು ಸಂಪಾಜೆಯಿಂದ ಮೇಲಿನವನು, ಘಟ್ಟದವರಿಗೆ ಮಾತು ಗೊತ್ತಿಲ್ಲ. ನಾನು ಅವನ ತುಳು ಕೇಳಿದ್ದೆ; ಅಷ್ಟು ಅಚ್ಚುಕಟ್ಟಾಗಿ ತುಳುವಿನಲ್ಲಿ ಬೈಯಲು ಘಟ್ಟದ ಮೇಲೆ ಯಾರೂ ಕಲಿಸುವುದಿಲ್ಲ. ಎರಡು, ಭೂಸುಧಾರಣೆಯ ಕಾನೂನಿನಡಿ ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿ ಪಡೆದ ವರ್ಷದಿಂದ ಕೆಳಗಿನವರ ನಾಲಿಗೆ ಉದ್ದವಾಗಿದೆ. ಹಳೆಯ ಜಮೀನುದಾರರಿಗೆ ಇದು ಬಹಳ ಪ್ರಿಯವಾದ ವಿವರಣೆ. ಮಳೆ ತಡವಾದರೂ ಅವರು ಇದನ್ನೇ ಹೇಳುತ್ತಿದ್ದರು. ಆದರೆ ಈ ಮನುಷ್ಯ ಯಾವ ಡಿಕ್ಲರೇಶನ್ನೂ ಹಾಕಿರಲಿಲ್ಲ, ಅವನಿಗೆ ಒಂದು ಸೆಂಟ್ಸ್ ಭೂಮಿಯೂ ಸಿಕ್ಕಿರಲಿಲ್ಲ. ಮೂರು, ಅವನು ಬೆಳಿಗ್ಗೆಯೇ ಕುಡಿಯುತ್ತಾನೆ. ಹಲವು ಸಲ ನಾನು ಮುಂದಿನ ಸೀಟಿನಲ್ಲಿ ಅವನ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೆ. ಅವನ ಬಾಯಿಯಿಂದ ಬರುತ್ತಿದ್ದದ್ದು ಎರಡೇ: ಬೀಡಿಯ ವಾಸನೆ, ಮತ್ತು ಆ ಪ್ರಶ್ನೆ.

ಹೀಗೆ ವರ್ಷವೊಂದು ಕಳೆಯಿತು. ಜನ ಬೈಸಿಕೊಂಡೂ ಹೋದರು, ಹೇಳದೆಯೂ ಹೋದರು. ಅನಂತರ ನಮ್ಮ ಬೈಲಿನ ದೊಡ್ಡ ಮನೆಯ ಯಜಮಾನರು ತಮ್ಮ ಮೊಮ್ಮಗಳ ಸಂಬಂಧದ ಮಾತುಕತೆಗೆ ಕುಂಬ್ರಕ್ಕೆ ಹೊರಟರು.

ಯಜಮಾನರು ಗರಿಗರಿ ಬಿಳಿ ಪಂಚೆಯುಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಅದು ಅವರ ಸೀಟು ಎಂದು ಯಾರೂ ಬರೆದಿಡದಿದ್ದರೂ ಎಲ್ಲರಿಗೂ ತಿಳಿದಿತ್ತು. ಡ್ರೈವರ್ ಎಲ್ಲರಂತೆ ಅವರನ್ನೂ ಕೇಳಿದ.

"ಎಲ್ಲಿಗೆ?"

ಯಜಮಾನರು ಎದುರಿನ ಗಾಜನ್ನೇ ನೋಡುತ್ತ ಹೇಳಿದರು: "ಸ್ವಲ್ಪ ದೂರ."

"ಸ್ವಲ್ಪ ದೂರದವರು ಹಿಂದೆ. ಮುಂದೆ ಸುಳ್ಯದವರಿಗೆ."

ಸುಳ್ಯಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕಾಗಿದ್ದ ಯಜಮಾನರಿಗೆ ಒಂದು ಶಬ್ದ ಸಾಕಿತ್ತು. ಆ ಶಬ್ದವನ್ನು ಅವರು ಆಡಲಿಲ್ಲ. ಇಳಿದರು. ಹಿಂದೆ ಹೋಗಿ, ಬಾಗಿಲ ಬಳಿ, ಯಾರದೋ ಮಣ್ಣಿನ ಕಾಲುಗಳ ನಡುವೆ ಕುಳಿತು, ಮೊಮ್ಮಗಳ ಭವಿಷ್ಯವನ್ನು ಮುಚ್ಚಿದ ಬಾಯಲ್ಲಿ ಹಿಡಿದುಕೊಂಡು ಸುಳ್ಯ ತಲುಪಿದರು. ಪಂಚೆಯ ಅಂಚಿನಲ್ಲಿ ಒಂದು ಹೆಜ್ಜೆಯ ಗುರುತಿತ್ತು.

ಸಂಬಂಧ ಕೂಡಿ ಬರಲಿಲ್ಲ. ಹುಡುಗನಿಗೆ ಬೇರೆ ಕಡೆ ಮಾತಾಗಿ ಹೋಗಿತ್ತು. ಇದು ಕುಂಬ್ರದ ಪ್ರತಿ ಅಂಗಡಿಯಲ್ಲೂ ತಿಳಿದಿದ್ದ ವಿಷಯ. ನಮ್ಮ ಬೈಲಿನಲ್ಲಿ ಮಾತ್ರ ಸಂಬಂಧ ಮುರಿದದ್ದು ಅಶ್ವತ್ಥಕಟ್ಟೆಯ ಬಳಿ, ಬೆಳಿಗ್ಗೆ, ಒಂದೇ ಪ್ರಶ್ನೆಯಿಂದ. ಯಾರೂ ಇದನ್ನು ಸಂಶಯಿಸಲಿಲ್ಲ. ಸಂಶಯಿಸುವ ಕೆಲಸವನ್ನು ಊರು ನನಗೊಬ್ಬನಿಗೇ ವಹಿಸಿಕೊಟ್ಟಿತ್ತು.

ಆ ವಾರವೇ ಯಜಮಾನರ ಚಾವಡಿಗೆ ನನಗೆ ಕರೆ ಬಂತು. ಹತ್ತು ಹನ್ನೆರಡು ಮಂದಿ ಮೊದಲೇ ಸೇರಿದ್ದರು.

"ಪುತ್ತೂರಿನ ಸರ್ಕಾರಿ ಆಫೀಸಿಗೆ ನೀವೊಂದು ಅರ್ಜಿ ಬರೆಯಬೇಕು," ಎಂದರು ಯಜಮಾನರು. "ನಿಮ್ಮ ಅಕ್ಷರ ಚಂದ ಉಂಟು. ಆ ಜೀಪು ಇನ್ನು ಈ ಮಾರ್ಗದಲ್ಲಿ ಓಡಬಾರದು."

"ಜೀಪು ನಿಂತರೆ ನಾವು ಹೋಗುದು ಹೇಗೆ?" ಎಂದು ಮೂಲೆಯಿಂದ ಯಾರೋ ಕೇಳಿದರು.

"ಮರ್ಯಾದೆ ಕಳಕೊಂಡು ಜೀಪಿನಲ್ಲಿ ಹೋಗುದಕ್ಕಿಂತ ನಡೆದುಕೊಂಡು ಹೋಗುದು ಒಳ್ಳೆಯದು."

ಇದನ್ನು ಹೇಳಿದವರು ತಮ್ಮ ಅಂಗಳದ ಗೇಟಿನವರೆಗೆ ನಡೆದು ಬಹಳ ವರ್ಷವಾಗಿತ್ತು.

ಅರ್ಜಿಯೊಂದು ಹೋದರೆ ಸಾಕು, ಡ್ರೈವರನ ಕಥೆ ಮುಗಿಯಿತು ಎಂದು ನನಗೂ ಗೊತ್ತಿತ್ತು. ಆ ಜೀಪಿಗೆ ಜನರನ್ನು ಸಾಗಿಸುವ ಪರ್ಮಿಟ್ ಇರಲಿಲ್ಲ. ಇಡೀ ತಾಲೂಕಿಗೆ ಅದು ತಿಳಿದಿತ್ತು. ದೂರು ಬರುವವರೆಗೆ ಯಾರೂ ನೋಡುವುದಿಲ್ಲ, ದೂರು ಬಂದರೆ ನೋಡದಿರಲು ಸಾಧ್ಯವಿಲ್ಲ. ಅವನಿಗೆ ಬೇರೆ ಕಸುಬಿರಲಿಲ್ಲ. ಕಟ್ಟೆಯ ಹಿಂದಿನ ಬಿಡಾರದಲ್ಲಿ ಹೆಂಡತಿ ಮಕ್ಕಳೊಡನೆ ಇದ್ದ. ನನಗೆ ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ. ನನಗೂ ಅವನು ಸಾಕಷ್ಟು ಬೈದಿದ್ದ. ಆದರೆ ವಿಚಾರಿಸದೆ ಬರೆಯುವುದು ನನ್ನ ಸ್ವಭಾವಕ್ಕೆ ಹೊಂದುವುದಿಲ್ಲ.

"ಒಂದು ವಾರ ಕೊಡಿ. ಯಾರು ಯಾರಿಗೆ ಎಂತ ಹೇಳಿದರು ಅಂತ ಬರಕೊಂಡು ನೋಡ್ತೇನೆ," ಎಂದೆ.

"ನೋಡ್ಲಿಕ್ಕೆ ಎಂತ ಉಂಟು ಅದರಲ್ಲಿ?"

"ಬಸ್ಸಿನ ಕಂಡಕ್ಟರೂ ಎಲ್ಲಿಗೆ ಅಂತ ಕೇಳ್ತಾನಲ್ಲ, ಅದು ಹೇಗೆ ಆಗ್ತದೆ?"

"ಅದು ಬೇರೆ," ಎಂದರು ಯಜಮಾನರು. "ಬಸ್ಸು ಹೊರಟ ಮೇಲೆ ಅವ ಕೇಳುದು. ಇವ ನಮ್ಮ ಒಂದು ಕಾಲು ನೆಲದಲ್ಲಿ ಇರುವಾಗಲೇ ಕೇಳ್ತಾನೆ."

"ಹಾಗಾದರೆ ಎರಡೂ ಕಾಲು ಎತ್ತಿದ ಮೇಲೆ ಕೇಳಿದರೆ ಆಗಬಹುದಾ?"

"ನಿಮಗೆ ಎಲ್ಲ ತಮಾಷೆ."

ತಮಾಷೆಯಾಗಿರಲಿಲ್ಲ. ರಿಪೇರಿಗೆ ಬಂದ ವಾಚುಗಳ ವಿವರ ಬರೆಯುವ ಉದ್ದನೆಯ ನೋಟ್ ಪುಸ್ತಕವೊಂದನ್ನು ಹೊಸದಾಗಿ ತೆರೆದು, ಗೆರೆ ಎಳೆದು, ಮೂರು ಕಾಲಂ ಮಾಡಿದೆ: ಒರಟಾಗಿ ನಡೆದುಕೊಂಡವರು, ಯಾರಿಗೆ, ಯಾವ ಮಾತು. ಒಂದು ವಾರ ಬೆಳಿಗ್ಗೆ ಸಂಜೆ ಜೀಪಿನ ಒಳಮೂಲೆಯಲ್ಲಿ ಕುಳಿತು ಬರೆದೆ. ನನ್ನ ಪಕ್ಕದಲ್ಲಿ ದಿನಾ ಸುಳ್ಯದ ಪೇಟೆಗೆ ವೀಳ್ಯದೆಲೆ ಮಾರಲು ಹೋಗುವ ಒಬ್ಬ ಅಜ್ಜಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಮೂರನೆಯ ದಿನ ಅವರಿಗೆ ತಡೆಯಲಾಗಲಿಲ್ಲ.

"ಎಂತ ಬರೆಯುದು ವಾಚಿನವ್ರೇ, ದಿನಾ?"

"ಇವ ಯಾರಿಗೆಲ್ಲ ಬೈತಾನೆ ಅಂತ."

"ಬೈದದ್ದಾ? ಅದು ಅವ ಮಾತಾಡುದಲ್ಲವಾ!"

"ನಿಮ್ಮನ್ನು ಎಲ್ಲಿಗೆ ಅಂತ ಕೇಳಿದರೆ ನಿಮಗೆ ಬೇಜಾರಿಲ್ಲವಾ?"

"ನನ್ನನ್ನು ಎಂತಕ್ಕೆ ಕೇಳುದು? ಎಲೆ ಹೊತ್ತುಕೊಂಡು ನಾನು ಸುಳ್ಯಕ್ಕಲ್ಲದೆ ಕಾಶಿಗೆ ಹೋಗ್ತೇನಾ? ಅಲ್ಲ ವಾಚಿನವ್ರೇ, ಅವನಿಗೆ ಬೇಕಾದ್ದು ಊರಿನ ಹೆಸರಾ? ಅವನಿಗೆ ಬೇಕಾದ್ದು..."

ಅಷ್ಟರಲ್ಲಿ ಬಾಗಿಲ ಬಳಿ ಒಂದು ಒಳ್ಳೆಯ ಜಗಳ ಹೊತ್ತಿಕೊಂಡಿತು. ಒಂದು ಶಬ್ದವನ್ನೂ ಕಳೆದುಕೊಳ್ಳುವಂತಿರಲಿಲ್ಲ. "ನೀವು ಸ್ವಲ್ಪ ಸುಮ್ಮನಿರಿ ಅಜ್ಜಿ, ಅಲ್ಲಿ ಹೇಳಿದ್ದು ಕೇಳುದಿಲ್ಲ," ಎಂದು ಕೈಯೆತ್ತಿ ತಡೆದು, ಪೆನ್ನು ಓಡಿಸಿದೆ. ಅವರು ಎಲೆಗಳ ಮೇಲೆ ನೀರು ಚಿಮುಕಿಸತೊಡಗಿದರು.

ವಾರದ ಕೊನೆಗೆ ನಾನು ಕಂಡುಕೊಂಡದ್ದು ಇಷ್ಟು. ಡ್ರೈವರ್ ಎಲ್ಲರಿಗೂ ಒಂದೇ ದರದಲ್ಲಿ ಬೈಯುತ್ತಿದ್ದ; ಪಂಚೆ ನೋಡಿ, ಹರಿದ ಅಂಗಿ ನೋಡಿ ದರ ಬದಲಾಗುತ್ತಿರಲಿಲ್ಲ. ಚಾವಡಿಯಲ್ಲಿ ಸೇರಿದವರೆಲ್ಲ ಮುಂದಿನ ಸೀಟಿನವರು. ಹಿಂದಿನವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಹಿಂದಿನವರು ಜೀವಮಾನವಿಡೀ ಯಾರು ಯಾರಿಂದಲೋ ಅಂಥ ಮಾತು ಕೇಳಿದವರಾದ್ದರಿಂದ ಅದನ್ನು ಹವಾಮಾನದಂತೆ ಸ್ವೀಕರಿಸಿದ್ದರು. ಮುಂದಿನವರಿಗೆ ಅದು ಮೊದಲ ಅನುಭವ. ತಮಗೂ ಅದೇ ಮಾತು ಬಂದದ್ದನ್ನೇ ಅವರು ಒರಟುತನ ಎಂದು ಕರೆಯುತ್ತಿದ್ದರು. ಇಷ್ಟನ್ನು ಬರೆದು ಅಡಿಗೆರೆ ಎಳೆದಾಗ ನನಗೆ ನನ್ನ ಬಗ್ಗೆ ಬಹಳ ಗೌರವ ಮೂಡಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಸುಳ್ಯದಲ್ಲಿ ಅವನು ಜೀಪಿನ ಗಾಜು ಒರೆಸುತ್ತಿದ್ದಾಗ ಹೋಗಿ ನೇರವಾಗಿ ಕೇಳಿದೆ: "ನಮ್ಮ ಕಡೆ ಹೊರಟವರನ್ನು ಹಾಗೆ ಕೇಳುದಿಲ್ಲ ಅಂತ ನಿಮಗೆ ಗೊತ್ತಿಲ್ಲವಾ?"

"ನಾನು ಕಡಬದ ಕಡೆಯವ," ಎಂದ ಅವನು, ಒರೆಸುವುದನ್ನು ನಿಲ್ಲಿಸದೆ. "ನನ್ನ ಅಮ್ಮ ಇವತ್ತಿಗೂ ನನ್ನನ್ನು ಎಲ್ಲಿಗೆ ಅಂತ ಕೇಳುದಿಲ್ಲ. ಗೊತ್ತಿಲ್ಲದೆ ಎಂತ?"

"ಮತ್ತೆ?"

ಅವನು ಬಟ್ಟೆ ಹಿಂಡಿ ಬಾನೆಟ್ಟಿನ ಮೇಲೆ ಹರವಿದ. ಮೊದಲು ಕಡಬದಲ್ಲಿ ಬೇರೆಯವರ ಜೀಪು ಓಡಿಸುತ್ತಿದ್ದಾಗ ಎಲ್ಲರನ್ನೂ ಕ್ರಮಪ್ರಕಾರ "ದೂರವಾ?" ಎಂದೇ ಕೇಳುತ್ತಿದ್ದನಂತೆ. ಒಂದು ದಿನ ಜ್ವರದಿಂದ ಬೆಂದಿದ್ದ ಒಬ್ಬ ಮುದುಕರು "ಇಲ್ಲೇ ಸ್ವಲ್ಪ" ಎಂದರು. ಸ್ವಲ್ಪ ದೂರದವರೆಂದು ಇವನು ಅವರನ್ನು ಹೊರಗಿನ ಹಲಗೆಯ ಮೇಲೆ ನಿಲ್ಲಿಸಿದ. ಅವರು ಹೋಗಬೇಕಾದದ್ದು ಪುತ್ತೂರಿನ ಆಸ್ಪತ್ರೆಗೆ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದರು. ಒಂದು ಮಾತೂ ಆಡಲಿಲ್ಲ. ಪುತ್ತೂರಿನಲ್ಲಿ ಇಳಿದವರೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದುಬಿದ್ದರು.

"ಬದುಕಿದರು," ಎಂದ ಅವನು. "ಮರುದಿನ ಅವರ ಮಗ ಬಂದು ನನ್ನ ಕಾಲರ್ ಹಿಡಿದ. ಎಲ್ಲಿಗೆ ಅಂತ ಕೇಳ್ಲಿಕ್ಕೆ ನಿನಗೆ ಬಾಯಿ ಇರಲಿಲ್ಲವಾ ಅಂತ. ಅವತ್ತಿನಿಂದ ಬಾಯಿ ಉಂಟು. ಈಗ ನೀವು ಅದನ್ನು ಮುಚ್ಚಿಸ್ಲಿಕ್ಕೆ ಪುಸ್ತಕ ಹಿಡಕೊಂಡು ತಿರುಗ್ತೀರಂತೆ. ಮುಚ್ಚಿಸಿ."

ಕಣ್ಣಲ್ಲಿ ನೀರು ತರಿಸುವ ಕಥೆಗಳನ್ನು ನಾನು ಇನ್ನೂ ಹೆಚ್ಚು ಸಂಶಯಿಸುತ್ತೇನೆ. ಅಂಗಡಿಗೆ ಒಂದು ದಿನ ಬೀಗ ಹಾಕಿ ಕಡಬಕ್ಕೆ ಹೋದೆ. ಅಲ್ಲಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅವನ ಬಗ್ಗೆ ವಿಚಾರಿಸಿದಾಗ ಹೋಟೆಲಿನವರು ನಕ್ಕರು.

"ಅವನಾ? ಬಾಯಿಯೇ ಇಲ್ಲದ ಜನ ಮಾರಾಯ್ರೆ. ಹಾರ್ನ್ ಹೊಡೆಯಲಿಕ್ಕೂ ನಾಚಿಕೆ ಅವನಿಗೆ. ನಿಮ್ಮಲ್ಲಿ ಹೇಗೆ ಸುಧಾರಿಸ್ತಾನೆ, ಪಾಪ?"

ಒಬ್ಬನೇ ಮನುಷ್ಯ. ಕಡಬದ ಪ್ರಕಾರ ಮೂಕ, ಮರ್ಕಂಜದ ಪ್ರಕಾರ ರಾಕ್ಷಸ. ಎರಡೂ ಊರಿನವರು ಪ್ರಮಾಣ ಮಾಡಿ ಹೇಳಲು ಸಿದ್ಧರಿದ್ದರು. ಮುದುಕರ ಮಗನನ್ನೂ ಹುಡುಕಿ ಕಂಡೆ. ಕಾಲರ್ ಹಿಡಿದದ್ದನ್ನು ಆತ ಒಪ್ಪಿಕೊಂಡ. "ಆವಾಗ ಸಿಟ್ಟು ಬಂದಿತ್ತು. ಆದರೆ ಅವ ಕೇಳಿದರೂ ಅಪ್ಪ ಹೇಳುತ್ತಿರಲಿಲ್ಲ.  ಯಮನೇ ಬಂದು ಕೇಳಿದರೂ 'ಇಲ್ಲೇ ಸ್ವಲ್ಪ ದೂರ' ಅಂತಲೇ ಹೇಳುವ ಜನ ಅವರು."

ಮರಳಿ ಬಂದು ಅರ್ಜಿ ಬರೆಯಲು ಕುಳಿತೆ. ಬರೆಯುವುದಿಲ್ಲ ಎನ್ನಬಹುದಿತ್ತು, ಆಗ ಬೇರೆ ಯಾರೋ ಬರೆಯುತ್ತಿದ್ದರು, ಪರ್ಮಿಟ್ಟಿನ ಸುದ್ದಿಯಿಂದಲೇ ಆರಂಭಿಸುತ್ತಿದ್ದರು. ಆದ್ದರಿಂದ ನಾನೇ ಬರೆದೆ. ಚಾವಡಿಯಲ್ಲಿ ಹೇಳಿದ ದೂರನ್ನು, ಒಂದಿಷ್ಟೂ ಕೂಡಿಸದೆ ಕಳೆಯದೆ, ಸರ್ಕಾರಿ ಕನ್ನಡದಲ್ಲಿ.

"ಸದರಿ ಚಾಲಕನು ತನ್ನ ಜೀಪನ್ನು ಏರಲು ಬಂದ ಪ್ರಯಾಣಿಕರನ್ನು, ತಾವು ಎಲ್ಲಿಗೆ ಹೋಗುವವರು ಎಂದು ಕೇಳುತ್ತಾನೆ. ಪ್ರಯಾಣಿಕರು ತಿಳಿಸಲು ಒಪ್ಪದಿದ್ದಲ್ಲಿ ಎರಡನೆಯ ಬಾರಿ ಕೇಳುತ್ತಾನೆ. ಆಗಲೂ ತಿಳಿಸದಿದ್ದಲ್ಲಿ ದನಿಯೇರಿಸಿ ಕೇಳುತ್ತಾನೆ. ಆದಕಾರಣ ಇವನ ಜೀಪು ಈ ಮಾರ್ಗದಲ್ಲಿ ಓಡದಂತೆ ಮಾಡಬೇಕಾಗಿ ವಿನಂತಿ."

ಪರ್ಮಿಟ್ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಅದನ್ನು ಮರೆತಿರಲಿಲ್ಲ.

ಚಾವಡಿಯಲ್ಲಿ ಓದಿ ಹೇಳಲು ಹೊರಟೆ. ಯಜಮಾನರು ಕೈಯಲ್ಲೇ ತಡೆದರು. "ಓದುದೆಂತಕ್ಕೆ? ಅಕ್ಷರ ನೋಡಿದರೆ ಗೊತ್ತಾಗ್ತದೆ, ಗಟ್ಟಿ ಉಂಟು ಅಂತ." ಎಲ್ಲರೂ ಅಕ್ಷರ ನೋಡಿದರು. ಎಲ್ಲರೂ ಸಹಿ ಹಾಕಿದರು.

ತಿಂಗಳೊಂದು ಕಳೆದ ಮೇಲೆ ಪುತ್ತೂರಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಸಣ್ಣ ಪ್ರಾಯ, ಮೃದುವಾದ ಮಾತು. ಪ್ರತಿ ವಾಕ್ಯಕ್ಕೂ "ದಯವಿಟ್ಟು" ಎನ್ನುವವರು. ಅಶ್ವತ್ಥಕಟ್ಟೆಯ ಮೇಲೆ ಅವರಿಗೆ ಕುರ್ಚಿ ಹಾಕಿತ್ತು. ಸಹಿ ಮಾಡಿದವರೆಲ್ಲ ಸಾಲಾಗಿ ನಿಂತಿದ್ದರು. ಡ್ರೈವರ್ ಜೀಪಿಗೆ ಒರಗಿ ನಿಂತಿದ್ದ. ಜೀಪಿನ ಕೀಲಿ ಅವನ ಮುಷ್ಟಿಯಲ್ಲಿತ್ತು. ಯಾರೋ ಈಗಲೇ ಕೇಳುತ್ತಾರೆ, ಕೊಡಬೇಕಾಗುತ್ತದೆ ಎಂಬಂತೆ ಅದನ್ನು ಹಿಡಿದಿದ್ದ. ಬಿಡಾರದ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅವನು ಅತ್ತ ನೋಡಲಿಲ್ಲ.

"ದಯವಿಟ್ಟು ಹೇಳಿ," ಎಂದರು ಅಧಿಕಾರಿ ಸಾಲಿನ ಮೊದಲನೆಯವರಿಗೆ, "ಜೀಪಿನಲ್ಲಿ ನೀವು ಸಾಮಾನ್ಯವಾಗಿ ಎಲ್ಲಿಗೆ ಹೋಗುವವರು?"

"ಹೀಗೇ... ಮುಂದೆ."

"ಮುಂದೆ ಎಂದರೆ ಎಲ್ಲಿಗೆ?"

"ಅದು ಹೇಳುವ ಹಾಗಿಲ್ಲ ಸ್ವಾಮಿ. ಒಂದೊಂದು ದಿನ ಒಂದೊಂದು ಕಡೆ."

ಅಧಿಕಾರಿ ಎರಡನೆಯವರ ಕಡೆ ತಿರುಗಿದರು. ಅವರು "ಸ್ವಲ್ಪ ದೂರ" ಎಂದರು. ಮೂರನೆಯವರು ನಕ್ಕರು. ನಾಲ್ಕನೆಯವರು, "ಇವತ್ತು ನಾವು ಎಲ್ಲಿಗೂ ಹೊರಟದ್ದಲ್ಲ" ಎಂದರು. ಐದನೆಯವರ ಹೊತ್ತಿಗೆ "ದಯವಿಟ್ಟು" ಬಿಟ್ಟುಹೋಗಿತ್ತು. ಎಂಟನೆಯವರ ಹೊತ್ತಿಗೆ ಅಧಿಕಾರಿ ಕುರ್ಚಿ ಬಿಟ್ಟು ಎದ್ದಿದ್ದರು. ಕೊನೆಗೆ ಯಜಮಾನರ ಸರದಿ ಬಂತು.

"ದೂರಿನ ಮುಖ್ಯ ಘಟನೆ ನಿಮ್ಮದಲ್ಲವೇ? ಆ ದಿನ ನೀವು ಎಲ್ಲಿಗೆ ಹೊರಟಿದ್ದಿರಿ?"

"ಇಲ್ಲೇ, ಸ್ವಲ್ಪ ದೂರ ಒಂದು ಕೆಲಸ ಇತ್ತು."

"ಕೆಲಸ ಏನೆಂದು ಕೇಳಲಿಲ್ಲ! ಎಲ್ಲಿಗೆ ಎಂದು ಕೇಳಿದ್ದು!" ಅಧಿಕಾರಿಯ ದನಿ ಕಟ್ಟೆಯಾಚೆಯ ಗದ್ದೆಗೂ ಕೇಳಿಸಿತು. "ಬಾಯಲ್ಲಿ ಏನಿಟ್ಟುಕೊಂಡಿದ್ದೀರಿ ನೀವೆಲ್ಲ? ಒಂದು ಊರಿನ ಹೆಸರು ಹೇಳಲು ಬಾರದೇ? ನನ್ನ ಅರ್ಧ ದಿನ ಹಾಳುಮಾಡಿದಿರಿ, ಮನುಷ್ಯರೋ ನೀವು?"

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಆಗ ಜೀಪಿನ ಕಡೆಯಿಂದ ತೀರಾ ಮೆಲ್ಲನೆಯ ಒಂದು ಸ್ವರ ಬಂತು. ಕಡಬದವರು ಹೇಳಿದ ಸ್ವರ ಇದೇ ಇರಬೇಕು.

"ಸಾರ್, ಸ್ವಲ್ಪ ಮೆಲ್ಲ ಕೇಳಿ. ಪ್ರಾಯದವರು ಅವರು."

ಅಧಿಕಾರಿ ಅವನನ್ನು ನೋಡಿದರು. ಕೈಯಲ್ಲಿದ್ದ ಅರ್ಜಿಯನ್ನು, ಬಹುಶಃ ಅಂದೇ ಮೊದಲ ಬಾರಿಗೆ, ಮೊದಲಿನಿಂದ ಕೊನೆಯವರೆಗೆ ಓದಿದರು. ಕಿವಿ ಕೆಂಪಾಯಿತು. "ಪ್ರಯಾಣಿಕರನ್ನು ಎಲ್ಲಿಗೆ ಎಂದು ಕೇಳುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ," ಎಂದು ಅದರ ಮೇಲೆಯೇ ಬರೆದು, ಮಡಚಿ ಚೀಲಕ್ಕೆ ಹಾಕಿದರು. ಪರ್ಮಿಟ್ಟಿನ ಬಗ್ಗೆ ಅರ್ಜಿಯಲ್ಲಿ ಒಂದು ಮಾತೂ ಇರಲಿಲ್ಲವಾದ್ದರಿಂದ ಅವರೂ ಅದನ್ನು ಕೇಳಲಿಲ್ಲ. ಬಂದದ್ದು ಬೇರೆ ವಾಹನದಲ್ಲಾದರೂ ಮರಳಿದ್ದು ಅದೇ ಜೀಪಿನಲ್ಲಿ, ಮುಂದಿನ ಸೀಟಿನಲ್ಲಿ. ಹತ್ತುವಾಗ, ಕೇಳುವ ಮೊದಲೇ, "ಸುಳ್ಯ" ಎಂದರು.

ಡ್ರೈವರ್ ನನಗೆ ಕೃತಜ್ಞತೆ ಹೇಳಲಿಲ್ಲ. "ಆ ಕಾಗದ ನೀವೇ ಬರೆದದ್ದಂತೆ? ಅಕ್ಷರ ಚಂದ ಉಂಟು ಅಂತ ಸಾಹೇಬರು ಹೇಳಿದರು," ಎಂದ ಮರುದಿನ. ಅಷ್ಟೆ. ಯಜಮಾನರು ಹದಿನೈದು ದಿನ ಜೀಪು ಹತ್ತಲಿಲ್ಲ; ಹದಿನಾರನೆಯ ದಿನ ಹತ್ತಿದರು. ಆ ಹೊತ್ತಿಗೆ ಒಂದು ಬದಲಾವಣೆಯಾಗಿತ್ತು. ಡ್ರೈವರ್ ಎಲ್ಲಿಗೆ ಎಂದು ಕೇಳುವುದನ್ನು ಬಿಟ್ಟಿದ್ದ. ಅವನ ಹೊಸ ಪ್ರಶ್ನೆ ಇದು: "ಒಳಗಾ, ಹೊರಗಾ?"

ದೂರದವರು ಒಳಗೆ ಎಂದರು, ಹತ್ತಿರದವರು ಹೊರಗೆ ಎಂದರು. ಯಾರೂ ಊರಿನ ಹೆಸರು ಹೇಳಬೇಕಾಗಲಿಲ್ಲ, ಯಾರ ಕೆಲಸವೂ ಕೆಡಲಿಲ್ಲ, ಸೇತುವೆಯ ಬಳಿ ಹದಿನೇಳು ಜನ ಇಳಿಯಬೇಕಾಗಲಿಲ್ಲ. ಬೈಯಲು ಕಾರಣ ಸಿಗದೆ ಡ್ರೈವರ್ ನಿಧಾನವಾಗಿ ಕಡಬದ ಮನುಷ್ಯನಾದ. ಎಂಬತ್ತರ ದಶಕದಲ್ಲಿ ಬಸ್ಸು ಬರುವವರೆಗೂ ಜೀಪು ಹಾಗೆಯೇ ಓಡಿತು. ಈ ಉಪಾಯ ಯಜಮಾನರದೆಂದು ಊರು ಇಂದಿಗೂ ನಂಬಿದೆ. ಅವರು ಡ್ರೈವರನ್ನು ಕರೆಸಿ, ಕ್ಷಮಿಸಿ, ಬುದ್ಧಿ ಹೇಳಿದರಂತೆ. ನಾನು ನಂಬಲಿಲ್ಲ. ಅರ್ಜಿಯ ಪರಿಣಾಮದಿಂದ ಅವನೇ ಯೋಚಿಸಿದ್ದೆಂದು, ಅಂದರೆ ಪರೋಕ್ಷವಾಗಿ ನನ್ನಿಂದಾದದ್ದೆಂದು, ನನ್ನ ನಂಬಿಕೆಯಾಗಿತ್ತು. ಒಂದು ಬೆಳಿಗ್ಗೆ ಪಕ್ಕದಲ್ಲಿ ಕುಳಿತ ವೀಳ್ಯದೆಲೆಯ ಅಜ್ಜಿಗೆ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸತೊಡಗಿದೆ.

ಅವರು ಕೊನೆಯವರೆಗೂ ಕೇಳಿದರು. "ಅದು ನಾನು ಹೇಳಿದ್ದಲ್ಲವಾ," ಎಂದರು.

"ಯಾರಿಗೆ?"

"ಮೊದಲು ನಿಮಗೆ. ಅವನಿಗೆ ಬೇಕಾದ್ದು ಊರಿನ ಹೆಸರಲ್ಲ, ಒಳಗೆ ಕೂರುದಾ ಹೊರಗೆ ಕೂರುದಾ ಅಂತ ಅಷ್ಟೆ ಅಂತ ಹೇಳ್ಲಿಕ್ಕೆ ಬಂದೆ. ನೀವು ಸುಮ್ಮನಿರಿ ಅಂದಿರಿ. ದೊಡ್ಡ ಕೆಲಸದಲ್ಲಿ ಇದ್ದಿರಿ. ಹಾಗೆ ಮತ್ತೆ ಸಾಹೇಬರು ಬಂದು ಹೋದ ಮೇಲೆ ಅವನಿಗೇ ಹೇಳಿದೆ."

ಸಂಜೆ ಮನೆಗೆ ಬಂದು ನೋಟ್ ಪುಸ್ತಕ ತೆರೆದೆ. ಅಜ್ಜಿಯ ಮಾತನ್ನು ಬರೆದುಕೊಂಡಿದ್ದೇನೆಯೇ ಎಂದು ಹುಡುಕಿದೆ. ಮೂರನೆಯ ದಿನದ ಪುಟದಲ್ಲಿ ಸಿಕ್ಕಿತು. ಮೊದಲ ಕಾಲಮಿನಲ್ಲಿ, ಒರಟಾಗಿ ನಡೆದುಕೊಂಡವರ ಪಟ್ಟಿಯಲ್ಲಿ, ಊರೆಲ್ಲ ಹೊಗಳಿದ ನನ್ನ ಅಕ್ಷರದಲ್ಲಿ: "ವೀಳ್ಯದೆಲೆಯ ಅಜ್ಜಿ." ಎರಡನೆಯ ಕಾಲಮಿನಲ್ಲಿ: "ನನಗೆ." ಮೂರನೆಯದರಲ್ಲಿ: "ಬರೆಯುವಾಗ ಅಡ್ಡಬಾಯಿ. ಅನಗತ್ಯ."

ಸುಮ್ಮನಿರಿ ಎಂದು ನಾನು ಅವರಿಗೆ ಹೇಳಿದ ಮಾತು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ವಾರದ ಒರಟುತನವನ್ನು ಶಬ್ದಶಬ್ದವಾಗಿ ದಾಖಲಿಸಿದವನು ಅದೊಂದನ್ನು ಕೇಳಿಸಿಕೊಂಡೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಬಳಿ ಡ್ರೈವರ್ ಕೇಳಿದ: "ಒಳಗಾ, ಹೊರಗಾ ವಾಚಿನವ್ರೇ?" ನಾನು ಉತ್ತರಿಸುವ ಮೊದಲೇ ಒಳಮೂಲೆಯಿಂದ ಅಜ್ಜಿ, "ಅವರು ಒಳಗೆ, ಇಲ್ಲಿ ಜಾಗ ಉಂಟು," ಎಂದು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡರು. ಹೋಗಿ ಕುಳಿತೆ. ಹೇಳಬೇಕೆಂದು ರಾತ್ರಿಯೇ ಹೊಂದಿಸಿಟ್ಟ ಒಂದು ವಾಕ್ಯ ನನ್ನಲ್ಲಿತ್ತು. ವ್ಯಾಕರಣದ ತಪ್ಪೊಂದೂ ಇಲ್ಲದ ವಾಕ್ಯ. ಜೀಪು ಸೇತುವೆ ದಾಟಿತು. ಎರಡು ತಿರುವು ಕಳೆದವು. ಅಜ್ಜಿ ಎಲೆಗಳ ಮೇಲೆ ನೀರು ಚಿಮುಕಿಸಿದರು. ನಾನು ಬಾಯಲ್ಲಿ ಅವಲಕ್ಕಿ ತುಂಬಿಸಿಕೊಂಡವನಂತೆ ಸುಳ್ಯದವರೆಗೂ ಕುಳಿತಿದ್ದೆ.